ಗೂಡ್ಸ್‌ಶೆಡ್ ರಸ್ತೆ

ಮಂಗಳೂರಿನ ಹಳೆ ಬಂದರಿನ ಕಡೆ ಹೋದಾಗಲೆಲ್ಲ ಗೂಡ್ಸ್‌ಶೆಡ್ ರಸ್ತೆಯಲ್ಲಿ ಒಂದು ಗಳಿಗೆ ನಿಲ್ಲುವುದು ನನ್ನ ಅಭ್ಯಾಸ. ರೈಲಿನ ಸರಕು ಏರಿಸಿ ಇಳಿಸುತ್ತಿದ್ದ ಶೆಡ್ಡಿನಿಂದ ಬಂದ ಹೆಸರದು. ಹಿಂದಿನ ಗದ್ದಲ ಈಗಿಲ್ಲ, ಹೆಸರು ಮಾತ್ರ ಉಳಿದಿದೆ.

ಬಂಟ್ವಾಳದವಳಾದ ನನಗೆ ಆ ಶೆಡ್ಡಿನ ಮೇಲೆ ಒಂದು ಹಳೆಯ ಮುನಿಸು. ಅದು ನನ್ನದಲ್ಲ, ಅಜ್ಜಿಯಿಂದ ಬಂದದ್ದು. ಅವರ ತಂದೆಗೆ ನೇತ್ರಾವತಿಯಲ್ಲಿ ಸರಕಿನ ದೋಣಿಯಿತ್ತು. ಘಟ್ಟದ ಕಾಫಿ, ಅಡಿಕೆ ಚಾರ್ಮಾಡಿ ಇಳಿದು ಬೆಳ್ತಂಗಡಿ ದಾಟಿ ಎತ್ತಿನ ಗಾಡಿಯಲ್ಲಿ ಬಂಟ್ವಾಳಕ್ಕೆ ಬರುತ್ತಿದ್ದವು. ಇಲ್ಲಿಂದ ದೋಣಿಯೇರಿ ಮಂಗಳೂರಿನ ಧಕ್ಕೆಗೆ. ಪೇಟೆ ಬೆಳೆದದ್ದೇ ಆ ವ್ಯಾಪಾರದಿಂದ. “ರೈಲು ಬಂತು, ನಮ್ಮ ದೋಣಿ ದಡಕ್ಕೆ ಬಿತ್ತು” ಎಂದು ಅಜ್ಜಿ ಹೇಳುತ್ತಿದ್ದರು. ನಾನೂ ಹಾಗೆಯೇ ನಂಬಿದ್ದೆ.

ಒಂದು ದಿನ ಸಮಾಜ ವಿಜ್ಞಾನದ ತರಗತಿಯಲ್ಲಿ, 1907ರಲ್ಲಿ ಮಂಗಳೂರಿಗೆ ರೈಲು ಬಂತು, ಹಾಸನದ ಮಾರ್ಗ ಪೂರ್ಣವಾದದ್ದು 1979ರಲ್ಲಿ ಎಂದು ಬರೆಸಿದೆ. ಹುಡುಗಿಯೊಬ್ಬಳು ಎದ್ದು, “ಟೀಚರ್, ನಡುವೆ 72 ವರ್ಷ ಘಟ್ಟದ ಸಾಮಾನು ಹೇಗೆ ಬರುತ್ತಿತ್ತು?” ಎಂದಳು. ಬೆಳ್ತಂಗಡಿ ಕಡೆಯ ಇನ್ನೊಬ್ಬಳು, “ನಮ್ಮಲ್ಲಿಗೆ ಇವತ್ತಿಗೂ ರೈಲು ಬಂದಿಲ್ಲ” ಎಂದು ನಗಿಸಿದಳು. ಮೂಡುಬಿದಿರೆಯ ಮಾತೂ ಅಷ್ಟೇ.

ಮೊದಲನೆಯವಳ ಪ್ರಶ್ನೆ ನನ್ನನ್ನು ಹಿಡಿಯಿತು. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ರೈಲು ಬಂದದ್ದು ಮಲಬಾರಿನ ಕಡೆಯಿಂದ, ಕಾಸರಗೋಡಿನ ಮೂಲಕ, ನೇತ್ರಾವತಿಯ ಸೇತುವೆ ದಾಟಿ. ಅದು ಮದ್ರಾಸನ್ನು ಹತ್ತಿರ ಮಾಡಿತೇ ಹೊರತು ಘಟ್ಟವನ್ನಲ್ಲ. ಸಕಲೇಶಪುರ–ಸುಬ್ರಹ್ಮಣ್ಯದ ನಡುವೆ 57 ಸುರಂಗ ಕೊರೆಯಬೇಕಾದ ಘಟ್ಟವದು. ಹಾಗಿದ್ದಮೇಲೆ ಮಂಗಳೂರಿನ ರೈಲು ಘಟ್ಟದ ಸರಕನ್ನು ದೋಣಿಯಿಂದ ಕಿತ್ತುಕೊಂಡದ್ದು ಹೇಗೆ? ಅದನ್ನು ಕಿತ್ತುಕೊಂಡದ್ದು ರಸ್ತೆ ಮತ್ತು ಲಾರಿ. ಘಟ್ಟದಲ್ಲಿ ಹೇರಿದ ಮೂಟೆಯನ್ನು ಲಾರಿ ನಡುವೆ ಎಲ್ಲೂ ಇಳಿಸದೆ ಮಂಗಳೂರಿಗೆ ಮುಟ್ಟಿಸಿತು. ಬಂಟ್ವಾಳದಲ್ಲಿ ನಿಲ್ಲುವ ಅಗತ್ಯವೇ ಉಳಿಯಲಿಲ್ಲ. 1923ರ ಮಾರಿಬೊಳ್ಳವನ್ನು ಕಂಡ ಊರಿಗೆ ಈ ಸದ್ದಿಲ್ಲದ ಪೆಟ್ಟು ಬಿದ್ದದ್ದು ತಿಳಿಯಲೇ ಇಲ್ಲ.

ಬಂದರಿನ ಕಥೆಯೂ ಬೇರೆಯಲ್ಲ. ಅಳಿವೆಯ ಮರಳಿನಿಂದಾಗಿ ದೊಡ್ಡ ಹಡಗುಗಳು ಒಳಗೆ ಬರಲಾರದೆ ಸಮುದ್ರದಲ್ಲೇ ನಿಲ್ಲುತ್ತಿದ್ದವು. ಮಳೆಗಾಲದಲ್ಲಿ ಕೆಲಸವೇ ನಿಲ್ಲುತ್ತಿತ್ತು. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರಾಯಿತು, 1975ರಲ್ಲಿ ಉದ್ಘಾಟನೆಯಾಯಿತು. ಹಡಗುಗಳು ಅತ್ತ ಹೋದವು, ಹಿಂದೆಯೇ ಸರಕೂ ಹೋಯಿತು. ದೋಣಿಗೆ ಲಾರಿ ಮಾಡಿದ್ದನ್ನು ಹಳೆ ಬಂದರಿಗೆ ಹೊಸ ಬಂದರು ಮಾಡಿತು.

ಈ ಚರಿತ್ರೆಯಲ್ಲಿ ನಮ್ಮ ಹೆಂಗಸರನ್ನು ಹುಡುಕಿದೆ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಳಿಕ ಹೆಂಚು ಹೊತ್ತವರಲ್ಲಿ, ಗೇರುಬೀಜ ಸುಲಿದವರಲ್ಲಿ ಅವರಿದ್ದರು. ಊರೂರಿಗೆ ಹೋದ ಆ ಹೆಂಚಿನ ಮೇಲೆ ಕಾರ್ಖಾನೆಯ ಮುದ್ರೆಯಿದೆ, ಹೊತ್ತವಳ ಹೆಸರಿಲ್ಲ. ದೋಣಿ ನಿಂತ ಮನೆಯಲ್ಲಿ ಒಲೆ ಹೊತ್ತಿಸಿದವಳೂ ಅಜ್ಜಿಯ ತಾಯಿಯೇ. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದರಂತೆ. ಅಜ್ಜಿ ದೋಣಿಯ ಕಥೆಯನ್ನು ನೂರು ಸಲ ಹೇಳಿದರು, ಬೀಡಿಯದನ್ನು ಒಂದೇ ಸಲ. ನಾನೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ಇದ್ದಿದ್ದರೆ ರೈಲಿನ ತಪ್ಪಲ್ಲವೆಂದು ಹೇಳುತ್ತಿದ್ದೆ. “ರೈಲೋ ಲಾರಿಯೋ, ದೋಣಿ ಹೋದದ್ದು ಹೋದದ್ದೇ ಅಲ್ಲವಾ ಮಗಾ” ಎನ್ನುತ್ತಿದ್ದರು. ಅದಕ್ಕೆ ಈ ಟೀಚರಿನ ಬಳಿ ಉತ್ತರವಿಲ್ಲ.