ಚಕ್ರದ ನಡುಕ, ತಂತಿಯ ಗದ್ದಲ

ದೂರದರ್ಶನದ ಅನಲಾಗ್ ಪ್ರಸಾರದ ದಿನಗಳನ್ನು ಕಂಡವರಿಗೆ ಒಂದು ನೋಟ ನೆನಪಿರಬೇಕು. ವಾರ್ತೆಯ ನಡುವೆ ಬೀದಿಯಲ್ಲಿ ಸ್ಕೂಟರ್ ಹಾದುಹೋದರೆ, ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದರೆ, ಪರದೆಯ ಮೇಲೆ ಬಿಳಿಯ ಚುಕ್ಕೆಗಳು ಸಾಲುಗಟ್ಟುತ್ತಿದ್ದವು. ಮನೆಯವರು ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದರು. ದೋಷ ಆಂಟೆನಾದಲ್ಲಿರಲಿಲ್ಲ, ಕಿಡಿಯಲ್ಲಿತ್ತು.

ಅದೇ ತೊಂದರೆ ಇಂದು ವೇಷ ಬದಲಿಸಿ ಬಂದಿದೆ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟಕ್ಕೆ ಸ್ಟೀರಿಂಗ್ ಚಕ್ರವನ್ನೂ ಪೆಡಲುಗಳನ್ನೂ ಮನೆಯಲ್ಲೇ ಬಿಚ್ಚಿ ಮಾರ್ಪಡಿಸುವ ಹವ್ಯಾಸಿಗಳಿದ್ದಾರೆ. ಮೋಟಾರು ಬಲವಾಗಿ ತಿರುಗಿದೊಡನೆ, ಕಾಲಿಡದಿದ್ದರೂ ಬ್ರೇಕು ತಾನಾಗಿ ಒತ್ತಿಕೊಳ್ಳುತ್ತದೆ. ಹುಡುಗ ಚಕ್ರವನ್ನು ಗುಜರಿಗೆ ಹಾಕಲು ಹೊರಡುತ್ತಾನೆ. ಅದಕ್ಕೆ ಮೊದಲು ಈ ಗದ್ದಲದ ಚರಿತ್ರೆಯನ್ನು ಒಮ್ಮೆ ಕೇಳುವುದು ಲೇಸು.

ಹತ್ತೊಂಬತ್ತನೆಯ ಶತಮಾನದ ಟೆಲಿಫೋನುಗಳಲ್ಲಿ ಮಾತು ಒಂದೇ ತಂತಿಯಲ್ಲಿ ಹೋಗಿ ಭೂಮಿಯ ಮೂಲಕ ಹಿಂದಿರುಗುತ್ತಿತ್ತು. ನೆರೆಯ ಟೆಲಿಗ್ರಾಫ್ ತಂತಿಯ ಟಕಟಕ, ಆಮೇಲೆ ವಿದ್ಯುತ್ ಟ್ರಾಮಿನ ಗುಂಯ್‌ಗುಟ್ಟುವಿಕೆ, ಎಲ್ಲವೂ ಅದರೊಳಗೆ ನುಸುಳುತ್ತಿದ್ದವು. 1881ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆಯುವ ಉಪಾಯಕ್ಕೆ ಪೇಟೆಂಟ್ ಪಡೆದರು. ಹೊಸೆದ ಎರಡೂ ತಂತಿಗಳಲ್ಲಿ ಹೊರಗಿನ ಗದ್ದಲ ಸಮನಾಗಿ ಸೇರಿ ಪರಸ್ಪರ ವಜಾ ಆಗುತ್ತದೆ. ಕಿಡಿಯಿಂದ ಅಲೆ ಹೊರಡುತ್ತದೆಂದು 1887ರ ಸುಮಾರಿಗೆ ಹರ್ಟ್ಸ್ ತೋರಿಸಿದರು. ರೇಡಿಯೊ ಬಂದ ಮೇಲೆ ಈ ಕಾಟ ಹೆಚ್ಚಿ, 1934ರಲ್ಲಿ ಅದನ್ನು ಹತೋಟಿಗೆ ತರಲೆಂದೇ ಅಂತರರಾಷ್ಟ್ರೀಯ ವಿಶೇಷ ಸಮಿತಿಯೊಂದು ಹುಟ್ಟಿತು. ಮರುವರ್ಷ, 1935ರಲ್ಲಿ, ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರ ಆರಂಭಿಸಿದರು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿ ಸೇರಿ ಆಗಲೇ 33 ವರ್ಷ ಕಳೆದಿತ್ತು. ವಿದ್ಯುತ್ತು ಬಂದ ಊರಿಗೆ ಗದ್ದಲವೂ ಬರುತ್ತದೆ.

ಬಳ್ಳಾರಿಗೂ ಈ ಮಾತು ಸಲ್ಲುತ್ತದೆ. ನಗರದ ಜೀನ್ಸ್ ಹೊಲಿಗೆಯ ಯಂತ್ರಗಳು, ಸಿರುಗುಪ್ಪದ ಅಕ್ಕಿ ಗಿರಣಿಗಳು, ಕುರುಗೋಡಿನ ಕಡೆಯ ಹೊಲಗಳ ಪಂಪ್‌ಸೆಟ್ಟುಗಳು, ಎಲ್ಲದರಲ್ಲೂ ಇರುವುದು ಮೋಟಾರೇ. ಆದರೆ ಚಕ್ರ ನಡುಗಿದರೆ ನೆರೆಯ ಗಿರಣಿಯನ್ನು ದೂರುವ ಮೊದಲು ಪೆಟ್ಟಿಗೆಯೊಳಗಿನ ಮೋಟಾರನ್ನು ನೋಡಬೇಕು.

ಲೆಕ್ಕ ಸರಳ. ಪೆಡಲಿನ 5 ವೋಲ್ಟನ್ನು ಸರ್ಕ್ಯೂಟು 1024 ಮೆಟ್ಟಿಲುಗಳಾಗಿ ಅಳೆಯುತ್ತದೆ ಎನ್ನೋಣ. ಒಂದು ಮೆಟ್ಟಿಲಿಗೆ 5 ಮಿಲಿವೋಲ್ಟಿಗಿಂತ ತುಸು ಕಡಿಮೆ. ಮೋಟಾರೂ ಪೆಡಲೂ ಒಂದೇ ಗ್ರೌಂಡ್ ತಂತಿಯನ್ನು ಹಂಚಿಕೊಂಡು, ಅದರ ರೋಧ 0.1 ಓಮ್ ಇದ್ದು, ಮೋಟಾರು 2 ಆಂಪಿಯರ್ ಎಳೆದರೆ, 0.2 ವೋಲ್ಟು ಏರುಪೇರು. ಅಂದರೆ ಸುಮಾರು 40 ಮೆಟ್ಟಿಲುಗಳ ಸುಳ್ಳು ಬ್ರೇಕು!

ಪರೀಕ್ಷೆಯ ಕ್ರಮ ಹೀಗೆ. ಮೋಟಾರಿನ ವಿದ್ಯುತ್ತು ಮಾತ್ರ ಕಡಿಯಿರಿ. ನಡುಕ ನಿಂತರೆ ಅಪರಾಧಿ ಮೋಟಾರು. ನಿಲ್ಲದೆ, ಪೆಡಲನ್ನು ಮೆಲ್ಲಗೆ ಒತ್ತಿದಾಗ ಒಂದೇ ಜಾಗದಲ್ಲಿ ಜಿಗಿದರೆ, ಅದು ಧೂಳು ಹಿಡಿದ ಅಥವಾ ಸವೆದ ಪೊಟೆನ್ಶಿಯೋಮೀಟರು, ಗದ್ದಲವಲ್ಲ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿದಾಗ ಸರಿಹೋದರೆ, ತೊಂದರೆ ಬರುತ್ತಿರುವುದು ಚಾರ್ಜರಿನ ದಾರಿಯಿಂದ. ಪರಿಹಾರಗಳು ಹಳೆಯವೇ: ಮೋಟಾರಿಗೂ ಪೆಡಲಿಗೂ ಬೇರೆ ಬೇರೆ ಗ್ರೌಂಡ್ ತಂತಿ ಎಳೆದು ಒಂದೇ ಬಿಂದುವಿನಲ್ಲಿ ಕೂಡಿಸುವುದು, ಪೆಡಲಿನ ತಂತಿಗಳನ್ನು ಬೆಲ್ ಮಾಡಿದಂತೆ ಹೊಸೆಯುವುದು, ಸಂಕೇತದ ತಂತಿಗೂ ಗ್ರೌಂಡಿಗೂ ನಡುವೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಡುವುದು.

ಕೊನೆಗೊಂದು ಎಚ್ಚರಿಕೆ. ಗುಂಯ್‌ಗುಟ್ಟುವಿಕೆ ತಪ್ಪಿಸಲು ಮೂರು ಕಾಲಿನ ಪ್ಲಗ್ಗಿನ ದಪ್ಪ ಕಾಲನ್ನು ಕತ್ತರಿಸುವವರಿದ್ದಾರೆ. ಸರ್ಕ್ಯೂಟಿನ ಗ್ರೌಂಡು ಬೇರೆ, ಮನೆಯ ಅರ್ಥಿಂಗ್ ಬೇರೆ. ಮೊದಲನೆಯದು ಕೆಟ್ಟರೆ ಆಟ ಸೋಲುತ್ತದೆ. ಎರಡನೆಯದು ಇಲ್ಲದಿದ್ದರೆ, ಒಳಗೆ ಸೋರಿದ ವಿದ್ಯುತ್ತಿಗೆ ಮುಟ್ಟಿದವನ ಮೈಯೇ ದಾರಿಯಾಗುತ್ತದೆ. ಮಕ್ಕಳ ಕೈಗೆ ಬೆಸುಗೆ ಕಡ್ಡಿ ಕೊಡುವ ಹಿರಿಯರು ಈ ವ್ಯತ್ಯಾಸವನ್ನು ಮೊದಲು ಹೇಳಿಕೊಡಲಿ.