ಡೆ ಟೊಮಾಸೊ ಪ್ಯಾಂಟೆರಾ

ಡೆ ಟೊಮಾಸೊ ಪ್ಯಾಂಟೆರಾ ಇಟಲಿಯ ಮೊಡೆನಾ ನಗರದ ಡೆ ಟೊಮಾಸೊ ಸಂಸ್ಥೆಯು 1971ರಿಂದ 1990ರ ದಶಕದ ಆರಂಭದವರೆಗೆ ತಯಾರಿಸಿದ ಎರಡು ಆಸನಗಳ ಕ್ರೀಡಾ ಕಾರು. ಇದರ ವಿನ್ಯಾಸ ಇಟಲಿಯದು. ಇಂಜಿನ್ ಅಮೆರಿಕದ ಫೋರ್ಡ್ ಸಂಸ್ಥೆಯದು. ಇಟಾಲಿಯನ್ ಭಾಷೆಯಲ್ಲಿ ‘ಪ್ಯಾಂಟೆರಾ’ ಎಂದರೆ ಕರಿಚಿರತೆ.

ಹಿನ್ನೆಲೆ

ಸಂಸ್ಥೆಯ ಸ್ಥಾಪಕ ಅಲೆಹಾಂದ್ರೊ ಡೆ ಟೊಮಾಸೊ (1928–2003) ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಜನಿಸಿದವರು. ಇಟಲಿಗೆ ಬಂದು ರೇಸ್ ಚಾಲಕರಾಗಿದ್ದ ಅವರು 1959ರಲ್ಲಿ ಮೊಡೆನಾದಲ್ಲಿ ಸ್ವಂತ ಕಾರ್ಖಾನೆ ತೆರೆದರು. ಫೆರಾರಿ, ಮಾಸೆರಾಟಿ ಸಂಸ್ಥೆಗಳು ತಮ್ಮ ಇಂಜಿನ್‌ಗಳನ್ನು ತಾವೇ ತಯಾರಿಸುತ್ತಿದ್ದವು. ಸಣ್ಣ ಸಂಸ್ಥೆಗೆ ಅಷ್ಟು ಬಂಡವಾಳ ಹೂಡುವುದು ಕಷ್ಟ. ಅಮೆರಿಕದಲ್ಲಿ ಹೇರಳವಾಗಿ ತಯಾರಾಗುತ್ತಿದ್ದ ವಿ8 ಇಂಜಿನ್ ಅಗ್ಗವಾಗಿತ್ತು, ಬಲಿಷ್ಠವಾಗಿತ್ತು, ದುರಸ್ತಿಗೂ ಸುಲಭವಾಗಿತ್ತು. ಇಟಲಿಯ ಇಸೊ ಸಂಸ್ಥೆಯೂ ಇದೇ ಮಾರ್ಗ ಹಿಡಿದಿತ್ತು.

ಪ್ಯಾಂಟೆರಾಕ್ಕಿಂತ ಮೊದಲು ಬಂದ ಫೋರ್ಡ್ ವಿ8 ಇಂಜಿನ್ನಿನ ಕಾರಿಗೆ ‘ಮಂಗುಸ್ತಾ’ ಎಂದು ಹೆಸರು. ಈ ಇಟಾಲಿಯನ್ ಪದವು ಕನ್ನಡದ ‘ಮುಂಗುಸಿ’ಯ ಬಳಗಕ್ಕೆ ಸೇರಿದುದು, ಭಾರತದಿಂದಲೇ ಯುರೋಪಿಗೆ ಹೋದುದು. ಅಮೆರಿಕದ ‘ಕೋಬ್ರಾ’ ಕಾರಿಗೆ ಪ್ರತಿಯಾಗಿ ಈ ಹೆಸರಿಟ್ಟರೆಂಬ ಹೇಳಿಕೆ ಪ್ರಚಲಿತವಾಗಿದೆ.

ವಿನ್ಯಾಸ

ಪ್ಯಾಂಟೆರಾ 1970ರಲ್ಲಿ ಮೊಡೆನಾದಲ್ಲಿಯೂ ಬಳಿಕ ನ್ಯೂಯಾರ್ಕ್ ವಾಹನ ಪ್ರದರ್ಶನದಲ್ಲಿಯೂ ಅನಾವರಣಗೊಂಡಿತು. ಘಿಯಾ ಸಂಸ್ಥೆಯಲ್ಲಿದ್ದ ಅಮೆರಿಕನ್ ವಿನ್ಯಾಸಕಾರ ಟಾಮ್ ಜಾರ್ಡಾ ಇದರ ಹೊರರೂಪವನ್ನು ರಚಿಸಿದರು; ಜಾನ್ ಪಾವ್ಲೊ ದಲ್ಲಾರಾ ಉಕ್ಕಿನ ಒಡಲಿನ ತಾಂತ್ರಿಕ ವಿನ್ಯಾಸ ಮಾಡಿದರು. ಆಸನಗಳ ಹಿಂದೆ, ಹಿಂಚಕ್ರಗಳ ಮುಂದೆ ಅಳವಡಿಸಿದ 5.8 ಲೀಟರ್ ಸಾಮರ್ಥ್ಯದ ಇಂಜಿನ್ ಆರಂಭದಲ್ಲಿ ಸುಮಾರು 330 ಅಶ್ವಶಕ್ತಿ ನೀಡುತ್ತಿತ್ತು. ಒಹಾಯೊ ರಾಜ್ಯದ ಕ್ಲೀವ್‌ಲೆಂಡ್‌ನಲ್ಲಿ ತಯಾರಾದುದರಿಂದ ಅದಕ್ಕೆ ‘351 ಕ್ಲೀವ್‌ಲೆಂಡ್’ ಎಂಬ ಹೆಸರು. ಐದು ವೇಗಗಳ ಗೇರ್‌ಬಾಕ್ಸ್ ಜರ್ಮನಿಯ ಜೆಡ್‌ಎಫ್ ಸಂಸ್ಥೆಯದು.

ಅಮೆರಿಕದಲ್ಲಿ ಮಾರಾಟ

ಫೋರ್ಡ್ ಸಂಸ್ಥೆಯು ತನ್ನ ಲಿಂಕನ್-ಮರ್ಕ್ಯುರಿ ಮಾರಾಟಗಾರರ ಮೂಲಕ ಪ್ಯಾಂಟೆರಾವನ್ನು ಅಮೆರಿಕದಲ್ಲಿ ಮಾರಿತು. ಸುಮಾರು 10,000 ಡಾಲರ್ ಬೆಲೆಯು ಅದೇ ತರದ ಇಟಲಿಯ ಕಾರುಗಳಿಗಿಂತ ಬಹಳ ಕಡಿಮೆಯಾಗಿತ್ತು. ಆದರೆ ಅವಸರದ ತಯಾರಿಕೆಯ ಫಲವಾಗಿ ಆರಂಭದ ಕಾರುಗಳಲ್ಲಿ ತುಕ್ಕು, ಇಂಜಿನ್ ಅತಿಯಾಗಿ ಕಾಯುವುದು, ವಿದ್ಯುತ್ ಜೋಡಣೆಯ ದೋಷ ಮೊದಲಾದ ಸಮಸ್ಯೆಗಳು ಕಂಡುಬಂದವು. ಗಾಯಕ ಎಲ್ವಿಸ್ ಪ್ರೀಸ್ಲಿ ಸ್ಟಾರ್ಟ್ ಆಗದ ತಮ್ಮ ಪ್ಯಾಂಟೆರಾಕ್ಕೆ ಪಿಸ್ತೂಲಿನಿಂದ ಗುಂಡು ಹಾರಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ದೋಷಗಳನ್ನು ಕ್ರಮೇಣ ಸರಿಪಡಿಸಲಾಯಿತಾದರೂ 1973ರ ತೈಲ ಬಿಕ್ಕಟ್ಟು ಹಾಗೂ ಕಠಿಣಗೊಂಡ ಸುರಕ್ಷತಾ ನಿಯಮಗಳು ವ್ಯಾಪಾರಕ್ಕೆ ಅಡ್ಡಿಯಾದವು. ಸುಮಾರು 5,500 ಕಾರುಗಳನ್ನು ಮಾರಿದ ಮೇಲೆ, 1970ರ ದಶಕದ ಮಧ್ಯದಲ್ಲಿ, ಫೋರ್ಡ್ ಆಮದನ್ನು ನಿಲ್ಲಿಸಿತು.

ನಂತರದ ವರ್ಷಗಳು

ಸಹಭಾಗಿ ದೂರವಾದರೂ ಕಾರು ಉಳಿಯಿತು. ಡೆ ಟೊಮಾಸೊ ಅದನ್ನು ಅಲ್ಪ ಸಂಖ್ಯೆಯಲ್ಲಿ ತಯಾರಿಸುತ್ತಲೇ ಹೋದರು. ಅಮೆರಿಕದಲ್ಲಿ ಕ್ಲೀವ್‌ಲೆಂಡ್ ಇಂಜಿನ್ನಿನ ತಯಾರಿಕೆ ನಿಂತಾಗ ಆಸ್ಟ್ರೇಲಿಯಾದ ಫೋರ್ಡ್‌ನಿಂದ ತರಿಸಿಕೊಂಡರು. 1980ರ ದಶಕದಲ್ಲಿ ಜಿಟಿ5, ಜಿಟಿ5-ಎಸ್ ಮಾದರಿಗಳು ಬಂದವು. 1990ರಲ್ಲಿ ಮಾರ್ಚೆಲ್ಲೊ ಗಾಂದಿನಿ ಹೊರರೂಪವನ್ನು ಪರಿಷ್ಕರಿಸಿದರು; ಆ ಕೊನೆಯ ಮಾದರಿಗೆ 5 ಲೀಟರ್‌ನ ಫೋರ್ಡ್ ಇಂಜಿನ್ ಇತ್ತು. ಒಟ್ಟು ಏಳು ಸಾವಿರಕ್ಕೂ ಹೆಚ್ಚು ಪ್ಯಾಂಟೆರಾಗಳು ತಯಾರಾದವು. ಇಂದು ಇದು ಹಳೆಯ ಕಾರುಗಳ ಸಂಗ್ರಾಹಕರ ಮೆಚ್ಚಿನ ವಾಹನಗಳಲ್ಲೊಂದು.