ಮಂಟಪ ಎಲ್ಲಿರಬೇಕು: ನೀರಂಚಿಗೋ, ದಿಬ್ಬದ ಮೇಲೋ?

ಹಿತ್ತಲಿನಲ್ಲಿ ಮಂಟಪ ಕಟ್ಟಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ, ಅದನ್ನು ಎಲ್ಲಿ ಕಟ್ಟಬೇಕು ಎಂಬುದು. ಚೀನಾದ ಸುಝೌ ನಗರದ ಉದ್ಯಾನವೊಂದು ಆರೂವರೆ ಶತಮಾನಗಳ ಅಂತರದಲ್ಲಿ ಈ ಪ್ರಶ್ನೆಗೆ ಎರಡು ಉತ್ತರ ನೀಡಿದೆ.

ಕವಿ ಸು ಶುನ್‌ಚಿನ್ ಸೋಂಗ್ ಅರಸರ ರಾಜಧಾನಿಯಲ್ಲಿ ಅಧಿಕಾರಿಯಾಗಿದ್ದ. ಕಚೇರಿಯ ರದ್ದಿ ಕಾಗದ ಮಾರಿದ ಹಣವನ್ನು ಹಬ್ಬದ ಔತಣಕ್ಕೆ ಬಳಸಿದನೆಂಬ ಆರೋಪ 1044ರಲ್ಲಿ ಆತನ ಮೇಲೆ ಬಂತು. ಹಾಗೆ ಮಾಡುವುದು ಕಚೇರಿಯಲ್ಲಿ ಮೊದಲಿನಿಂದ ನಡೆದುಬಂದ ರೂಢಿಯೇ. ಆದರೆ ಸು ಸುಧಾರಣಾವಾದಿಗಳ ಬಣದವನು. ಎದುರಾಳಿಗಳಿಗೆ ಅಷ್ಟು ನೆಪ ಸಾಕಾಯಿತು. ಆತ ಕೆಲಸ ಕಳೆದುಕೊಂಡ.

ಮರುವರ್ಷ ಸುಝೌಗೆ ಬಂದ ಸು ಬಾಡಿಗೆ ಮನೆ ಹಿಡಿದ. ಕಡುಬೇಸಿಗೆಯಲ್ಲಿ ಆ ಇಕ್ಕಟ್ಟಾದ ಮನೆಯೊಳಗೆ ಉಸಿರಾಡುವುದೂ ಕಷ್ಟವಾಯಿತು. ಬಯಲು ಜಾಗ ಹುಡುಕುತ್ತಿದ್ದವನ ಕಣ್ಣಿಗೆ ಒಂದು ದಿನ ಊರ ವಿದ್ಯಾಲಯದ ಪೂರ್ವಕ್ಕೆ ಪಾಳುಬಿದ್ದ ನೆಲವೊಂದು ಬಿತ್ತು. ಅದರ ಮೂರು ಕಡೆ ನೀರು, ಸುತ್ತ ಗಿಡಮರ. 40,000 ನಾಣ್ಯ ಕೊಟ್ಟು ಅದನ್ನು ಕೊಂಡು, ಉತ್ತರದ ನೀರಂಚಿನಲ್ಲಿ ಮಂಟಪ ಕಟ್ಟಿಸಿದ. ಮುಂದೆ ಬಿದಿರು, ಹಿಂದೆ ನೀರು, ನೀರಿನಾಚೆ ಮತ್ತೆ ಬಿದಿರು. ಅದಕ್ಕೆ 'ತ್ಸಾಂಗ್‌ಲಾಂಗ್', ಎಂದರೆ ಹಸಿರುನೀಲಿ ಅಲೆಗಳ ಮಂಟಪ ಎಂದು ಹೆಸರಿಟ್ಟ. ದೋಣಿಯಲ್ಲಿ ಅಲ್ಲಿಗೆ ಬಂದು ಮನದಣಿಯೆ ಕೂರುತ್ತಿದ್ದ.

ಚೀನೀ ಭಾಷೆಯಲ್ಲಿ ಮಂಟಪಕ್ಕೆ 'ತಿಂಗ್' ಎನ್ನುತ್ತಾರೆ. ನಿಲ್ಲುವ ತಾಣವೇ ತಿಂಗ್ ಎಂಬುದು ಹಳೆಯ ನಿಘಂಟುಕಾರರ ವಿವರಣೆ. ಜಿ ಚೆಂಗ್ ಎಂಬ ಉದ್ಯಾನಶಿಲ್ಪಿ 1631ರಲ್ಲಿ ಬರೆದು ಮುಗಿಸಿದ 'ಯುವಾನ್ ಯೆ' ಗ್ರಂಥದ ಪ್ರಕಾರ ಮಂಟಪ ನೀರಂಚಿನಲ್ಲೇ ಇರಬೇಕೆಂದೇನಿಲ್ಲ. ಬಿದಿರುಮೆಳೆಯ ನಡುವೆ, ಬೆಟ್ಟದ ತುದಿಯಲ್ಲಿ, ದೇವದಾರಿನಂಥ ಮರಗಳ ಬುಡದಲ್ಲಿಯೂ ಅದು ಒಪ್ಪುತ್ತದೆ. ಜಾಗ ಗೊತ್ತುಮಾಡಲು ಕಟ್ಟುನಿಟ್ಟಿನ ಸೂತ್ರವಿಲ್ಲ.

ಸು ಕೆಲವೇ ವರ್ಷಗಳಲ್ಲಿ ತೀರಿಕೊಂಡ. ಉದ್ಯಾನ ಹಲವರ ಕೈದಾಟಿ, ಸೇನಾನಿಯೊಬ್ಬನ ಮನೆಯಾಗಿ, ಬೌದ್ಧ ವಿಹಾರವಾಗಿ ಪಾಳುಬಿತ್ತು. 1696ರಲ್ಲಿ ಅದರ ಜೀರ್ಣೋದ್ಧಾರ ಮಾಡಿಸಿದ ಪ್ರಾಂತಾಧಿಕಾರಿ ಸೋಂಗ್ ಲುವೊ ಮಂಟಪವನ್ನು ನೀರಂಚಿನಿಂದ ದಿಬ್ಬದ ಮೇಲಕ್ಕೆ ಒಯ್ದ. 1860ರ ಯುದ್ಧದಲ್ಲಿ ನಾಶವಾದ ಉದ್ಯಾನವನ್ನು 1873ರಲ್ಲಿ ಮತ್ತೆ ಕಟ್ಟಿದಾಗಲೂ ಮಂಟಪ ದಿಬ್ಬದಿಂದ ಇಳಿಯಲಿಲ್ಲ. 2000ದಲ್ಲಿ ಈ ಉದ್ಯಾನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ದಿಬ್ಬದ ಮೇಲೆ ಕುಳಿತವರಿಗೆ ತೋಟವೆಲ್ಲ ಕಾಣುತ್ತದೆ. ತೋಟದಲ್ಲಿರುವವರಿಗೆ ಅವರೂ ಕಾಣುತ್ತಾರೆ. ಅಧಿಕಾರದಲ್ಲಿದ್ದವನಿಗೆ ಆ ಎತ್ತರ ಒಪ್ಪುವಂಥದೇ. ಆದರೆ ಅಧಿಕಾರ ಕಳೆದುಕೊಂಡು ಬಂದವನು ಆರಿಸಿದ್ದು ಬಿದಿರಿನ ಮರೆಯನ್ನು, ನೀರಿನ ತಂಪನ್ನು. ಮಂಟಪದ ಜಾಗವನ್ನು ನೆಲದ ಏರುತಗ್ಗು ಮಾತ್ರವಲ್ಲ, ಅಲ್ಲಿ ಕೂರುವವರ ಮನಸ್ಸೂ ನಿರ್ಧರಿಸುತ್ತದೆ.